ಏರು ಹತ್ತುವಾಗ ಮಾತ್ರೆಯ ಹಿಡಿತ: ಎದೆಬಡಿತದ ಔಷಧ ತೆಗೆದುಕೊಳ್ಳುವವರಿಗೆ ಅಡ್ರಿನಲಿನ್ ಕುರಿತು ಒಂದು ಕೈಪಿಡಿ

ಎದೆಬಡಿತದ ಲಯ ತಪ್ಪಿದವರಿಗೆ ಕೊಟ್ಟ ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಹೆಚ್ಚಿನ ಕಡೆ ನೋಡುವುದು ರೋಗಿ ಮಂಚದ ಮೇಲೆ ಅಲುಗಾಡದೆ ಮಲಗಿರುವಾಗ. ಇಸಿಜಿ ಪಟ್ಟಿಯಲ್ಲಿ ಬಡಿತ 72 ಎಂದು ಬಂದರೆ ವೈದ್ಯರಿಗೂ ಸಮಾಧಾನ, ಮನೆಯವರಿಗೂ ಸಮಾಧಾನ. ಅದೇ ವ್ಯಕ್ತಿ ಮರುದಿನ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಏರು ಹತ್ತಿ, ಕೊಯ್ಲಿನವರೊಡನೆ ಎರಡು ಮಾತು ಜೋರಾಗಿ ಆಡಿ, ಆಮೇಲೆ ನಾಡಿ ಹಿಡಿದು ನೋಡಿಕೊಂಡರೆ ಅದು 150 ದಾಟಿರಬಹುದು. ಮಾತ್ರೆ ಬದಲಾಗಿಲ್ಲ, ಪ್ರಮಾಣವೂ ಬದಲಾಗಿಲ್ಲ. ಬದಲಾಗಿರುವುದು ಶ್ರಮ, ಭಯದ ಹೊತ್ತಿನಲ್ಲಿ ದೇಹ ರಕ್ತಕ್ಕೆ ಬಿಡುವ ಹಾರ್ಮೋನುಗಳಾದ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮಟ್ಟ. ಕೊಟ್ಟಿಗೆಹಾರದ ಸಮತಟ್ಟಿನಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ, ಅಷ್ಟೇ ನಂಬಿಕೆಯಿಂದ ಚಾರ್ಮಾಡಿ ಘಾಟಿ ಇಳಿಯಲು ಹೊರಡುವ ಚಾಲಕನ ಲೆಕ್ಕಾಚಾರ ಎಂಥದ್ದೋ, ಮಲಗಿಸಿ ತೆಗೆದ ಇಸಿಜಿಯೊಂದನ್ನೇ ನಂಬುವುದೂ ಅಂಥದ್ದೇ.

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದಾಗ ಜನ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಸಾಲುಗಟ್ಟಿದ್ದು ನೆನಪಿರಬಹುದು. ಆ ಭಯ ಅರ್ಥವಾಗುವಂಥದ್ದೇ. ಆದರೆ ಈಗಾಗಲೇ ಲಯದ ಔಷಧದ ಮೇಲಿರುವವರಿಗೆ ಇನ್ನೊಂದು ಮಲಗಿದ ಇಸಿಜಿಗಿಂತ ಹೆಚ್ಚು ಉಪಯೋಗವಾಗುವುದು, ತಾವು ನುಂಗುವ ಮಾತ್ರೆ ಅಡ್ರಿನಲಿನ್ ಏರಿದಾಗ ಹೇಗೆ ವರ್ತಿಸುತ್ತದೆ ಎಂಬ ತಿಳಿವಳಿಕೆ. ಆ ತಿಳಿವಳಿಕೆಯನ್ನು ದಿನಬಳಕೆಗೆ ತರುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಹೆಚ್ಚಿಸಬಾರದು, ಬಿಡಬಾರದು. ಓದಿದ್ದನ್ನು ತಮ್ಮ ವೈದ್ಯರ ಮುಂದೆ ಪ್ರಶ್ನೆಯಾಗಿ ಇಡಬೇಕು.

ಅಡ್ರಿನಲಿನ್ ಹೃದಯದಲ್ಲಿ ಏನು ಮಾಡುತ್ತದೆ

ಹೃದಯದ ಜೀವಕೋಶಗಳ ಹೊರಮೈಯಲ್ಲಿ ಬೀಟಾ ಗ್ರಾಹಕಗಳಿವೆ. ಅಡ್ರಿನಲಿನ್ ಬಂದು ಇವುಗಳಿಗೆ ಅಂಟಿಕೊಂಡಾಗ ಕೋಶದೊಳಗೆ ಕ್ಯಾಲ್ಸಿಯಂ ಹರಿವು ಹೆಚ್ಚುತ್ತದೆ, ಬಡಿತ ಹುಟ್ಟುವ ಸೈನಸ್ ಗಂಟು ಚುರುಕಾಗುತ್ತದೆ, ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂದೇಶ ದಾಟಿಸುವ ಎವಿ ಗಂಟು ಬೇಗ ಬೇಗ ದಾಟಿಸತೊಡಗುತ್ತದೆ. ಇದರ ಜೊತೆಗೆ, ಪ್ರತಿ ಬಡಿತದ ಬಳಿಕ ಕೋಶ ಸುಧಾರಿಸಿಕೊಳ್ಳಲು ಬೇಕಾದ ವಿಶ್ರಾಂತಿಯ ಅವಧಿ ಮೊಟಕಾಗುತ್ತದೆ, ಏಕೆಂದರೆ ಪೊಟ್ಯಾಸಿಯಂ ಹೊರಹೋಗುವ ದಾರಿಗಳಲ್ಲಿ ನಿಧಾನದ್ದೊಂದು ಅಡ್ರಿನಲಿನ್‌ನಿಂದ ಅಗಲವಾಗಿ ತೆರೆದುಕೊಳ್ಳುತ್ತದೆ. ಲಯದ ಔಷಧಗಳಲ್ಲಿ ಬಹುಪಾಲು ಕೆಲಸ ಮಾಡುವುದೇ ಈ ವಿಶ್ರಾಂತಿಯ ಅವಧಿಯನ್ನು ಉದ್ದ ಮಾಡುವ ಮೂಲಕ ಅಥವಾ ಎವಿ ಗಂಟನ್ನು ನಿಧಾನಗೊಳಿಸುವ ಮೂಲಕ. ಹಾಗಾಗಿ ಔಷಧ ಒಂದು ಕಡೆಗೆ ಎಳೆದರೆ ಅಡ್ರಿನಲಿನ್ ನೇರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ.

ಇದು ಊಹೆಯ ಮಾತಲ್ಲ. ಹೃದಯದೊಳಗೆ ತಂತಿ ತೂರಿಸಿ ವಿದ್ಯುತ್ ಪರೀಕ್ಷೆ ಮಾಡುವ ಪ್ರಯೋಗಾಲಯಗಳಲ್ಲಿ, ಕ್ವಿನಿಡಿನ್ ಎಂಬ ಹಳೆಯ ಲಯದ ಔಷಧ ಕೊಟ್ಟ ಬಳಿಕ ಅಪಾಯದ ಲಯವನ್ನು ಕೆರಳಿಸಲು ಆಗದಿದ್ದ ರೋಗಿಗಳಲ್ಲಿ, ಅಡ್ರಿನಲಿನ್ ಅಥವಾ ಅದರ ತದ್ರೂಪಿ ಐಸೊಪ್ರಿನಲಿನ್ ಹನಿಸಿದಾಗ ಕೆಲವರಲ್ಲಿ ಅದೇ ಲಯ ಮತ್ತೆ ಕೆರಳಿದ್ದನ್ನು 1980ರ ದಶಕದಲ್ಲೇ ಕಂಡುಕೊಳ್ಳಲಾಗಿತ್ತು. ಹನಿಸಿದ ಪ್ರಮಾಣವೂ ಅತಿಯಾದದ್ದಲ್ಲ. ದೇಹವೇ ಶ್ರಮ, ಭಯ, ನೋವಿನ ಹೊತ್ತಿನಲ್ಲಿ ಬಿಡುವಷ್ಟರದ್ದು.

ಮೊದಲು ನಿಮ್ಮ ಮಾತ್ರೆ ಯಾವ ಗುಂಪಿನದೆಂದು ತಿಳಿದುಕೊಳ್ಳಿ

ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ದೊಡ್ಡಕ್ಷರದ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಮೂಲ ಹೆಸರಿರುತ್ತದೆ. ಓದಲು ಕಷ್ಟವಾದರೆ ಮೆಡಿಕಲ್ ಶಾಪಿನವರನ್ನೇ ಕೇಳಿ, ಕನ್ನಡದಲ್ಲಿ ಬರೆಸಿಕೊಳ್ಳಿ. ಲಯದ ಔಷಧಗಳನ್ನು ಇಂದಿಗೂ ನಾಲ್ಕು ಗುಂಪುಗಳಾಗಿ ನೋಡುವ ವಾನ್ ವಿಲಿಯಮ್ಸ್ ವರ್ಗೀಕರಣವೇ ಬಳಕೆಯಲ್ಲಿದೆ. ನಮ್ಮ ಉದ್ದೇಶಕ್ಕೆ ಬೇಕಾದದ್ದು ಅಡ್ರಿನಲಿನ್ ಮುಂದೆ ಯಾವುದು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂಬುದು ಮಾತ್ರ.

ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಇವು ಬೀಟಾ ಬ್ಲಾಕರ್‌ಗಳು. ಇವು ಬೀಟಾ ಗ್ರಾಹಕದ ಮೇಲೆ ತಾವೇ ಹೋಗಿ ಕೂತು ಅಡ್ರಿನಲಿನ್‌ಗೆ ಜಾಗ ಕೊಡುವುದಿಲ್ಲವಾದ್ದರಿಂದ, ಇವುಗಳ ಬೆಲೆ ಗೊತ್ತಾಗುವುದೇ ಶ್ರಮದ ಹೊತ್ತಿನಲ್ಲಿ. ಆದರೂ ಇದು ಜಾಗಕ್ಕಾಗಿ ನಡೆಯುವ ಪೈಪೋಟಿ. ಅಡ್ರಿನಲಿನ್ ಬಹಳ ಹೆಚ್ಚಾದರೆ ಅಥವಾ ಮಾತ್ರೆಯ ಅವಧಿ ಮುಗಿಯುತ್ತ ಬಂದಿದ್ದರೆ ಪೈಪೋಟಿಯಲ್ಲಿ ಅಡ್ರಿನಲಿನ್‌ನ ಕೈ ಮೇಲಾಗುತ್ತದೆ. ಸಾಮಾನ್ಯ ಮೆಟೊಪ್ರೊಲಾಲ್ ಮಾತ್ರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಕೆಲವೇ ಗಂಟೆ ಸಾಕು, ಅದಕ್ಕೇ ದಿನಕ್ಕೆ ಎರಡು ಹೊತ್ತು ಬರೆಯುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದಾದರೆ ದಿನಕ್ಕೆ ಒಂದು. ಈ ಎರಡನೆಯ ಬಗೆಯದನ್ನು ಪುಡಿ ಮಾಡಿ ನುಂಗಿದರೆ ಇಡೀ ದಿನದ ಔಷಧ ಒಮ್ಮೆಲೇ ಇಳಿದು, ಸಂಜೆಗೆ ಏನೂ ಉಳಿಯುವುದಿಲ್ಲ.

ಡಿಗಾಕ್ಸಿನ್‌ನ ಕಥೆ ತದ್ವಿರುದ್ಧ. ಅದು ಬಡಿತವನ್ನು ತಗ್ಗಿಸುವುದು ಮುಖ್ಯವಾಗಿ ವೇಗಸ್ ನರದ ಮೂಲಕ, ಅಂದರೆ ದೇಹ ವಿಶ್ರಾಂತಿಯಲ್ಲಿರುವಾಗ ಹೃದಯಕ್ಕೆ ಲಗಾಮು ಹಾಕುವ ನರದ ಮೂಲಕ. ನಡೆಯತೊಡಗಿದ ಕೂಡಲೇ ವೇಗಸ್ ಹಿಂದೆ ಸರಿಯುತ್ತದೆ, ಅದರೊಂದಿಗೆ ಡಿಗಾಕ್ಸಿನ್‌ನ ಹಿಡಿತವೂ. ಕುರ್ಚಿಯಲ್ಲಿ ಕೂತಿರುವ ಹಿರಿಯರಿಗೆ ಇದು ಸಾಕಾಗಬಹುದು. ದಿನವೂ ತೋಟ ಸುತ್ತುವವರಿಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಅದುರುವ ಲಯದೋಷ) ಇದ್ದು ಡಿಗಾಕ್ಸಿನ್ ಒಂದೇ ಮಾತ್ರೆ ಇದ್ದರೆ, ಅದನ್ನು ವೈದ್ಯರ ಗಮನಕ್ಕೆ ತರಲೇಬೇಕು. ವೆರಪಮಿಲ್, ಡಿಲ್ಟಿಯಾಜೆಮ್ ಶ್ರಮದಲ್ಲಿ ಡಿಗಾಕ್ಸಿನ್‌ಗಿಂತ ಚೆನ್ನಾಗಿ ನಿಲ್ಲುತ್ತವೆ. ಹಾಗೆಂದು ಬೀಟಾ ಬ್ಲಾಕರ್ ಜೊತೆಗೆ ಇವನ್ನು ತಾವಾಗಿ ಸೇರಿಸಿಕೊಂಡರೆ ಬಡಿತ ಅಪಾಯಕರವಾಗಿ ಇಳಿಯಬಹುದು.

ಫ್ಲೆಕೈನೈಡ್, ಪ್ರೊಪಾಫಿನೋನ್ ಸೋಡಿಯಂ ದಾರಿಗಳನ್ನು ಮುಚ್ಚುವ ಔಷಧಗಳು, ಮತ್ತು ಇಲ್ಲಿ ವಿಷಯ ತುಸು ಜಟಿಲ. ಅಡ್ರಿನಲಿನ್ ಇವುಗಳ ಪರಿಣಾಮವನ್ನು ಭಾಗಶಃ ಅಳಿಸುತ್ತದೆ. ಅದೇ ಸಮಯಕ್ಕೆ ಬಡಿತ ವೇಗವಾದಷ್ಟೂ ಔಷಧ ಸೋಡಿಯಂ ದಾರಿಗೆ ಹೆಚ್ಚು ಅಂಟಿಕೊಳ್ಳುವುದರಿಂದ, ಶ್ರಮದಲ್ಲಿ ಸಂದೇಶ ಹರಿಯುವುದು ಅತಿ ನಿಧಾನವಾಗುವ ಸಾಧ್ಯತೆಯೂ ಇದೆ. ಎರಡು ವಿರುದ್ಧ ಎಳೆತಗಳಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಆಯಾ ಹೃದಯವನ್ನು ಅವಲಂಬಿಸಿರುತ್ತದೆ, ಆದ್ದರಿಂದ ಈ ಔಷಧ ಆರಂಭಿಸಿದ ಮೇಲೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಇಸಿಜಿಯಲ್ಲಿ ಸಂದೇಶ ಕೆಳಗಿನ ಕೋಣೆಗಳಲ್ಲಿ ಹರಡುವ ಹೊತ್ತನ್ನು ತೋರಿಸುವ ಕ್ಯೂಆರ್‌ಎಸ್ ಅಗಲವಾಗುತ್ತದೆಯೇ ಎಂದು ನೋಡುವ ರೂಢಿ ಅನೇಕ ಹೃದ್ರೋಗ ತಜ್ಞರಲ್ಲಿದೆ. ನಿಮಗೆ ಈ ಮಾತ್ರೆ ಬರೆದಿದ್ದು ಟ್ರೆಡ್‌ಮಿಲ್ ಮಾತೇ ಬಂದಿಲ್ಲದಿದ್ದರೆ ಕೇಳಿ. ಇನ್ನೊಂದು ಅಪಾಯವೆಂದರೆ, ಇವು ಫಿಬ್ರಿಲೇಷನ್ನನ್ನು ನಿಧಾನದ ಏಟ್ರಿಯಲ್ ಫ್ಲಟರ್ (ಮೇಲಿನ ಕೋಣೆಗಳ ಕ್ರಮಬದ್ಧ ಬಡಿತ) ಆಗಿ ಬದಲಿಸಿದಾಗ, ಅಡ್ರಿನಲಿನ್‌ನಿಂದ ಚುರುಕಾದ ಎವಿ ಗಂಟು ಪ್ರತಿಯೊಂದು ಬಡಿತವನ್ನೂ ಕೆಳಗೆ ದಾಟಿಸಿ ನಾಡಿ 200ರ ಹತ್ತಿರ ಹೋಗಬಹುದು. ಇದನ್ನು ತಡೆಯಲೆಂದೇ ಜೊತೆಗೆ ಬೀಟಾ ಬ್ಲಾಕರ್ ಅಥವಾ ಡಿಲ್ಟಿಯಾಜೆಮ್ ಬರೆಯುತ್ತಾರೆ. ಈ ಜೊತೆಯ ಮಾತ್ರೆ ಬರೀ ಬಿಪಿಯದು ಎಂದುಕೊಂಡು ಅದೊಂದನ್ನು ಬಿಡುವವರನ್ನು ಎಲ್ಲ ಊರುಗಳಲ್ಲೂ ಕಾಣಬಹುದು. ಹಾರ್ಟ್ ಅಟ್ಯಾಕ್ ಆದವರಿಗೆ ಫ್ಲೆಕೈನೈಡ್ ಕೊಡುವುದಿಲ್ಲ. 1989ರಲ್ಲಿ ಪ್ರಕಟವಾದ ಕಾಸ್ಟ್ ಅಧ್ಯಯನದಲ್ಲಿ, ಅಂಥವರಲ್ಲಿ ಲಯ ತಪ್ಪಿ ನಡುನಡುವೆ ಬರುವ ಬಿಡಿ ಬಡಿತಗಳನ್ನು ಔಷಧ ಚೆನ್ನಾಗಿಯೇ ಅಡಗಿಸಿದರೂ ಸಾವುಗಳು ಮಾತ್ರ ಹೆಚ್ಚಿದ್ದವು.

ಸೊಟಲಾಲ್, ಡೊಫೆಟಿಲೈಡ್‌ನಂಥವು ಪೊಟ್ಯಾಸಿಯಂ ದಾರಿಗಳಲ್ಲಿ ವೇಗದ್ದೊಂದನ್ನು ಮುಚ್ಚುತ್ತವೆ. ಅಡ್ರಿನಲಿನ್ ನಿಧಾನದ ದಾರಿಯನ್ನು ಅಗಲಿಸುವುದರಿಂದ, ಮುಚ್ಚಿದ ದಾರಿಯ ಕೆಲಸವನ್ನು ತೆರೆದ ದಾರಿ ಮಾಡಿಬಿಡುತ್ತದೆ, ಔಷಧದ ಲಾಭ ವೇಗದ ಬಡಿತದಲ್ಲೇ ಕಡಿಮೆಯಾಗುತ್ತದೆ. ಬೇಕಾದಾಗ ಕೈಕೊಟ್ಟು, ಬೇಡವಾದ ನಿಧಾನದ ಬಡಿತದಲ್ಲಿ ಅತಿಯಾಗಿ ಕೆಲಸ ಮಾಡಿ ಕ್ಯೂಟಿ ಅವಧಿಯನ್ನು (ಕೆಳಗಿನ ಕೋಣೆಗಳು ವಿದ್ಯುತ್ತಿನಿಂದ ಕೆರಳಿ ಮತ್ತೆ ಸುಧಾರಿಸಿಕೊಳ್ಳಲು ಹಿಡಿಯುವ, ಇಸಿಜಿಯಲ್ಲಿ ಕಾಣುವ ಹೊತ್ತು) ಹಿಗ್ಗಿಸುವುದು ಈ ಗುಂಪಿನ ಹಣೆಬರಹ. ಸೊಟಲಾಲ್‌ನಲ್ಲಿ ಬೀಟಾ ಬ್ಲಾಕರ್ ಗುಣವೂ ಕೂಡಿರುವುದರಿಂದ ಅದು ಇತರವುಗಳಷ್ಟು ಜಾರುವುದಿಲ್ಲ. ಅಮಿಯೊಡರೋನ್ ಈ ಗುಂಪಿನಲ್ಲಿದ್ದೂ ಬೇರೆಯೇ ಜಾತಿ: ಅದು ಪೊಟ್ಯಾಸಿಯಂನ ಎರಡೂ ದಾರಿಗಳನ್ನು, ಸೋಡಿಯಂ, ಕ್ಯಾಲ್ಸಿಯಂ ದಾರಿಗಳನ್ನು ಮುಟ್ಟುತ್ತದೆ, ಬೀಟಾ ಗ್ರಾಹಕಗಳ ಪ್ರಭಾವವನ್ನೂ ತಗ್ಗಿಸುತ್ತದೆ. ಅಡ್ರಿನಲಿನ್ ಎದುರು ಹೆಚ್ಚು ಗಟ್ಟಿಯಾಗಿ ನಿಲ್ಲುವುದು ಇದೇ. ಆದರೆ ಇದರ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಯೋಡಿನ್ ಇರುವುದರಿಂದ ಥೈರಾಯ್ಡ್ ಏರುಪೇರಾಗಬಹುದು, ಮತ್ತು ಥೈರಾಯ್ಡ್ ಹೆಚ್ಚಾದ ಹೃದಯ ಅಡ್ರಿನಲಿನ್‌ಗೆ ಇನ್ನಷ್ಟು ಬೇಗ ಕೆರಳುತ್ತದೆ. ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದು, ಹಿಡಿತದಲ್ಲಿದ್ದ ಬಡಿತ ಕಾರಣವಿಲ್ಲದೆ ಮತ್ತೆ ಏರತೊಡಗಿದರೆ, ತೂಕ ಇಳಿದರೆ, ಕೈ ನಡುಗಿದರೆ, ಮಾತ್ರೆ ಸಾಲದು ಎಂದು ತೀರ್ಮಾನಿಸುವ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಆಗಬೇಕು.

ಕಣದಲ್ಲಿ ಆರು ನಿಮಿಷ

ಶ್ರಮದಲ್ಲಿ ಮಾತ್ರೆ ಹೇಗಿದೆ ಎಂದು ನೋಡಲು ಎಲ್ಲರಿಗೂ ಟ್ರೆಡ್‌ಮಿಲ್ ಬೇಕಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಇದ್ದು, ಎದೆನೋವು, ತಲೆಸುತ್ತು, ಉಬ್ಬಸ ಇಲ್ಲದೆ ಓಡಾಡುವವರು ವೈದ್ಯರ ಒಪ್ಪಿಗೆ ಪಡೆದು ಮನೆಯಲ್ಲೇ ಒಂದು ಅಳತೆ ಮಾಡಬಹುದು. ಕಾಫಿ ಒಣಹಾಕುವ ಕಣ ಇದಕ್ಕೆ ಹೇಳಿಮಾಡಿಸಿದ ಜಾಗ, ಏಕೆಂದರೆ ಅದು ಸಮತಟ್ಟು, ಕಾಲಿಗೆ ಬೇರುಗೀರು ಸಿಕ್ಕುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತು ನಾಡಿ ಎಣಿಸಿ ಬರೆದುಕೊಳ್ಳಿ. ಆಮೇಲೆ ಆರು ನಿಮಿಷ ನಿಮ್ಮ ಸಹಜ ನಡಿಗೆಯಲ್ಲಿ ಕಣದ ಉದ್ದಕ್ಕೂ ಹೋಗಿ ಬಂದು, ನಿಂತ ಕೂಡಲೇ ಮತ್ತೆ ಎಣಿಸಿ. ನಿಂತ ಮೇಲೆ ಬಡಿತ ಬೇಗ ಇಳಿಯುವುದರಿಂದ ಈ ಎರಡನೆಯ ಎಣಿಕೆಗೆ ತಡಮಾಡಬಾರದು. ಮನೆಯವರೊಬ್ಬರು ಜೊತೆಗಿರಲಿ.

ಎಣಿಸುವ ಕ್ರಮಕ್ಕೂ ಮಹತ್ವವಿದೆ. ಲಯ ತಪ್ಪಿದ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಷ್ಟೇ ಅಲ್ಲ, ಬೇಗ ಬಂದ ಕೆಲವು ಬಡಿತಗಳಲ್ಲಿ ರಕ್ತ ಸಾಕಷ್ಟು ತಳ್ಳಲ್ಪಡದೆ ಅವು ಮಣಿಕಟ್ಟಿನವರೆಗೆ ಮುಟ್ಟುವುದೇ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 96 ಎಂದು ತೋರಿಸುವಾಗ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರೆ 120 ಸಿಗುವುದು ಅಪರೂಪವೇನಲ್ಲ. ಮನೆಯಲ್ಲಿ ಸ್ಟೆತಸ್ಕೋಪ್ ಇಲ್ಲದವರು ತಮ್ಮ ಎಣಿಕೆ ಸ್ವಲ್ಪ ಕಡಿಮೆಯೇ ತೋರಿಸುತ್ತಿರಬಹುದೆಂಬ ಎಚ್ಚರದಿಂದಿರಲಿ.

ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಏಟ್ರಿಯಲ್ ಫಿಬ್ರಿಲೇಷನ್ ಕುರಿತ ಅಫರ್ಮ್ ಎಂಬ ದೊಡ್ಡ ಅಧ್ಯಯನದಲ್ಲಿ ವಿಶ್ರಾಂತಿಯಲ್ಲಿ 80, ಆರು ನಿಮಿಷದ ನಡಿಗೆಯಲ್ಲಿ 110 ಮೀರಬಾರದೆಂಬ ಗುರಿ ಇಟ್ಟುಕೊಂಡಿದ್ದರು. 2010ರಲ್ಲಿ ಬಂದ ರೇಸ್–2 ಅಧ್ಯಯನ, ವಿಶ್ರಾಂತಿಯ ಬಡಿತ 110ರ ಒಳಗಿದ್ದರೂ ಅನೇಕರಿಗೆ ನಡೆದೀತು ಎಂದು ತೋರಿಸಿತು. ನಿಮಗೆ ಯಾವ ಗುರಿ ಎಂಬುದನ್ನು ನಿಮ್ಮ ಹೃದಯದ ಸ್ಥಿತಿ ನೋಡಿ ವೈದ್ಯರೇ ಹೇಳಬೇಕು. ಆದರೆ ಎರಡು ಅಂಕಿಗಳಿರುವ ಚೀಟಿಯನ್ನು ಅವರ ಮೇಜಿನ ಮೇಲಿಟ್ಟರೆ ಮಾತು ಬೇರೆಯೇ ಮಟ್ಟದಲ್ಲಿ ಆರಂಭವಾಗುತ್ತದೆ.

ಉಪವಾಸ, ಬೆಟ್ಟ, ಮಳೆಗಾಲ

ದೀಪಾವಳಿಯಲ್ಲಿ ಬಿಂಡಿಗ ದೇವೀರಮ್ಮನ ಬೆಟ್ಟಕ್ಕೆ, ಉಳಿದ ದಿನಗಳಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಗೆ ಹೋಗುವವರು ಹಲವರು ಖಾಲಿ ಹೊಟ್ಟೆಯಲ್ಲಿ ಹತ್ತುತ್ತಾರೆ, ಊಟದ ಜೊತೆಗಿನ ಮಾತ್ರೆಯನ್ನೂ ಹಾಗೆಯೇ ಮುಂದೂಡುತ್ತಾರೆ. ಇದಕ್ಕಿಂತ ಕೆಟ್ಟ ಹೊತ್ತು ಮಾತ್ರೆ ತಪ್ಪಿಸಲು ಸಿಗಲಾರದು. ಹಿಂದಿನ ದಿನದ ಔಷಧ ಬೆಳಗಿನ ಜಾವಕ್ಕೆ ರಕ್ತದಲ್ಲಿ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ, ಎಚ್ಚರವಾಗಿ ಏಳುವಾಗ ದೇಹದ ಅಡ್ರಿನಲಿನ್ ತಾನಾಗಿಯೇ ಏರುತ್ತದೆ, ಅದರ ಮೇಲೆ ಏರು, ಚಳಿ, ನೂಕುನುಗ್ಗಲು. ದೇವರ ಹೆಸರಿನಲ್ಲಿ ಉಪವಾಸ ಇರುವವರೂ ಒಂದು ಗುಟುಕು ನೀರಿನೊಡನೆ ಮಾತ್ರೆ ನುಂಗಲು ಅಡ್ಡಿಯಿಲ್ಲವೆಂದೇ ನನ್ನ ಅಭಿಪ್ರಾಯ. ಊಟದ ಜೊತೆಗೇ ಆಗಬೇಕಾದ ಮಾತ್ರೆಯಾದರೆ ಹತ್ತುವ ಮೊದಲೇ ವೈದ್ಯರನ್ನು ಕೇಳಿ ಸಮಯ ಹೊಂದಿಸಿಕೊಳ್ಳಿ. ಹುಟ್ಟಿನಿಂದ ಬಂದ ಲಾಂಗ್ ಕ್ಯೂಟಿ (ಕ್ಯೂಟಿ ಅವಧಿ ಉದ್ದವಾಗಿರುವ ಕಾಯಿಲೆ) ಅಥವಾ ಶ್ರಮದಲ್ಲಿ, ಭಾವೋದ್ವೇಗದಲ್ಲಿ ಕೆರಳುವ ಸಿಪಿವಿಟಿ ಎಂಬ ಕಾಯಿಲೆ ಇರುವ ಮಕ್ಕಳು, ಯುವಕರಿಗೆ ಬೆಟ್ಟ ಹತ್ತುವುದು, ಈಜುವುದು ಇವೆಲ್ಲ ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಬೇಕಾದ ವಿಷಯಗಳು. ಅವರಲ್ಲಿ ಬೀಟಾ ಬ್ಲಾಕರ್‌ನ ಒಂದು ಹೊತ್ತು ತಪ್ಪಿದರೂ ಅಪಾಯವಿದೆ.

ಬೀಟಾ ಬ್ಲಾಕರ್ ದಿನಗಟ್ಟಲೆ ತಪ್ಪಿದಾಗ ಆಗುವುದು ಬೇರೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಗ್ರಾಹಕಗಳ ಸಂಖ್ಯೆಯನ್ನು ಹೃದಯ ತಾನೇ ಹೆಚ್ಚಿಸಿಕೊಂಡಿರುತ್ತದೆ. ಮಾತ್ರೆ ಏಕಾಏಕಿ ನಿಂತಾಗ ಅವೆಲ್ಲ ಒಮ್ಮೆಲೇ ತೆರೆದುಕೊಂಡು, ಔಷಧ ಆರಂಭಿಸುವ ಮೊದಲಿಗಿಂತಲೂ ಹೆಚ್ಚಾಗಿ ಅಡ್ರಿನಲಿನ್‌ಗೆ ಸ್ಪಂದಿಸುತ್ತವೆ. ನಿಲ್ಲಿಸಬೇಕಾದರೆ ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುವುದು ಈ ಕಾರಣಕ್ಕೆ. ಮಲೆನಾಡಿನವರಿಗೆ ಇದರಲ್ಲಿ ಒಂದು ಪ್ರತ್ಯೇಕ ಪಾಠವಿದೆ: ಆಷಾಢದ ಮಳೆಯಲ್ಲಿ ಶಿರಾಡಿ, ಚಾರ್ಮಾಡಿ ಕಡೆ ಗುಡ್ಡ ಕುಸಿದು, ಮರ ಬಿದ್ದು ದಾರಿ ನಿಲ್ಲುವುದು ಹೊಸದಲ್ಲ. ಜೂನ್ ಬರುವ ಮೊದಲು ಹದಿನೈದು ದಿನಕ್ಕಾಗುವಷ್ಟು ಮಾತ್ರೆ ಹೆಚ್ಚಿಗೆ ತೆಗೆದಿಟ್ಟು, ತೇವ ತಾಗದ ಡಬ್ಬಿಯಲ್ಲಿ ಇಡಿ.

ಹೊರಗಿನಿಂದ ಬರುವ ಅಡ್ರಿನಲಿನ್

ನೆಗಡಿಗೆಂದು ಚೀಟಿಯಿಲ್ಲದೆ ಕೊಳ್ಳುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಫಿನೈಲೆಫ್ರಿನ್ ಎಂಬ ಅಡ್ರಿನಲಿನ್ ಬಂಧು ಸಾಮಾನ್ಯ. ಲಯದ ಔಷಧ ತೆಗೆದುಕೊಳ್ಳುವವರು ಬರೀ ಪ್ಯಾರಾಸಿಟಮಾಲ್ ಕೇಳಿ ಪಡೆದು, ಮೂಗಿಗೆ ಬಿಸಿನೀರಿನ ಹಬೆ ತೆಗೆದುಕೊಂಡರೆ ಸಾಕು.

ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸರ್ ಶ್ವಾಸನಾಳದ ಬೀಟಾ ಗ್ರಾಹಕಗಳನ್ನು ಪ್ರಚೋದಿಸಲೆಂದೇ ಇರುವುದು, ಅದರ ಒಂದು ಪಾಲು ಹೃದಯಕ್ಕೂ ಮುಟ್ಟುತ್ತದೆ; ಮೇಲಾಗಿ ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಗೆ ತಳ್ಳಿ ಮಟ್ಟ ತಗ್ಗಿಸುತ್ತದೆ. ಕ್ಯೂಟಿ ಹಿಗ್ಗಿಸುವ ಔಷಧದ ಮೇಲಿರುವವರಿಗೆ ಪೊಟ್ಯಾಸಿಯಂ ಇಳಿದರೆ ಟೊರ್ಸಾಡ್ ಎಂಬ ಮಾರಕ ಲಯದ ಬಾಗಿಲು ತೆರೆದಂತೆ. ಸೊಟಲಾಲ್, ಪ್ರೊಪ್ರನೊಲಾಲ್ ಎರಡೂ ಶ್ವಾಸನಾಳದ ಗ್ರಾಹಕಗಳನ್ನು ಮುಚ್ಚಿ ಉಬ್ಬಸವನ್ನೇ ಕೆರಳಿಸಬಲ್ಲವು. ದಮ್ಮು ಇರುವವರಿಗೆ ಇವನ್ನು ಬರೆಯುವ ಮೊದಲು ವೈದ್ಯರಿಗೆ ದಮ್ಮಿನ ವಿಷಯ ಗೊತ್ತಿರಬೇಕು. ಉಸಿರು ಕಟ್ಟಿದಾಗ ಮಾತ್ರ ಹೃದಯದ ನೆಪದಲ್ಲಿ ನೆಬ್ಯುಲೈಸರ್ ಬೇಡವೆನ್ನಬಾರದು; ಉಸಿರಾಡಲಾಗದ ದೇಹ ತಾನೇ ಬಿಡುವ ಅಡ್ರಿನಲಿನ್ ಅದಕ್ಕಿಂತ ಬಹಳ ಹೆಚ್ಚು.

ಹಲ್ಲು ಕೀಳಿಸುವಾಗಲೂ ಇದೇ ತರ್ಕ. ಮರಗಟ್ಟಿಸಲು ಹಾಕುವ ಲಿಗ್ನೊಕೇನ್‌ನಲ್ಲಿ ಅಡ್ರಿನಲಿನ್ ಸಾಮಾನ್ಯವಾಗಿ 80,000ಕ್ಕೆ ಒಂದು ಪಾಲು ಅಥವಾ 2,00,000ಕ್ಕೆ ಒಂದು ಪಾಲು ಇರುತ್ತದೆ. ಹೃದ್ರೋಗಿಗಳಿಗೆ ಒಟ್ಟು 0.04 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುವುದು ದಂತವೈದ್ಯರ ರೂಢಿ. ಮೊದಲ ಬಗೆಯದರಲ್ಲಿ ಅದು ಸುಮಾರು ಮೂರು ಮಿಲಿಲೀಟರ್. ಪ್ರೊಪ್ರನೊಲಾಲ್‌ನಂಥ ಎಲ್ಲ ಬೀಟಾ ಗ್ರಾಹಕಗಳನ್ನೂ ಮುಚ್ಚುವ ಮಾತ್ರೆ ನುಂಗಿದವರಲ್ಲಿ ಈ ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುವ ಕೆಲಸವನ್ನಷ್ಟೇ ಮಾಡುವುದರಿಂದ ಬಿಪಿ ಏರಿ ನಾಡಿ ಇಳಿಯಬಹುದು. ಕುರ್ಚಿ ಹತ್ತುವ ಮೊದಲು ಮಾತ್ರೆಯ ಹೆಸರು ಹೇಳಿದರೆ ಪ್ರಮಾಣವನ್ನು ಅವರು ಹೊಂದಿಸುತ್ತಾರೆ. ಅಡ್ರಿನಲಿನ್ ಬೇಡವೇ ಬೇಡ ಎಂದು ಹಟ ಹಿಡಿದು, ಅರೆಬರೆ ಮರಗಟ್ಟಿದ ಹಲ್ಲನ್ನು ಕೀಳಿಸಿಕೊಳ್ಳುವುದು ಜಾಣತನವಲ್ಲ.

ಕಾಫಿಯ ವಿಷಯ ಬಿಟ್ಟರೆ ಈ ಜಿಲ್ಲೆಗಳಲ್ಲಿ ಯಾರೂ ಒಪ್ಪಲಾರರು. ದಿನಕ್ಕೆ ಒಂದೆರಡು ಲೋಟ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಆದರೆ ಎಸ್‌ವಿಟಿ ಎಂಬ ಹಠಾತ್ ವೇಗದ ಬಡಿತಕ್ಕೆ ತುರ್ತು ಚಿಕಿತ್ಸೆಯಲ್ಲಿ ಕೊಡುವ ಅಡಿನೊಸಿನ್ ಚುಚ್ಚುಮದ್ದಿನ ಕೆಲಸವನ್ನು ಕೆಫೀನ್ ತಡೆಯುತ್ತದೆ, ಉಬ್ಬಸದ ಥಿಯೊಫಿಲಿನ್ ಮಾತ್ರೆಯೂ ತಡೆಯುತ್ತದೆ. ಕಳೆದ ನಾಲ್ಕು ಗಂಟೆಯೊಳಗೆ ಕಾಫಿ ಕುಡಿದಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವವರಲ್ಲಿ ನಿಕೋಟಿನ್ ನೇರವಾಗಿ ಅಡ್ರಿನಲಿನ್ ಬಿಡಿಸುವುದರಿಂದ, ಅದನ್ನು ಬಿಡುವುದೊಂದೇ ದಾರಿ.

ಹೆಜ್ಜೇನು ಎದ್ದಾಗ

ತೋಟದಲ್ಲಿ ಸಿಲ್ವರ್ ಓಕ್ ಮರಗಳ ಕೊಂಬೆ ಸವರುವಾಗ, ಮೆಣಸು ಬಿಡಿಸುವಾಗ ಹೆಜ್ಜೇನು ಎದ್ದು ಕಡಿಯುವ ಸಂದರ್ಭಗಳು ಬರುತ್ತವೆ. ಕಡಿತದಿಂದ ಮೈಯೆಲ್ಲ ದದ್ದು ಎದ್ದು, ಗಂಟಲು ಬಿಗಿದು, ಬಿಪಿ ಕುಸಿದರೆ ಜೀವ ಉಳಿಸುವ ಔಷಧ ಅಡ್ರಿನಲಿನ್ ಒಂದೇ, ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಹೃದಯದ ಕಾಯಿಲೆ ಇದೆ ಎಂಬ ಕಾರಣಕ್ಕೆ ಅದನ್ನು ತಡೆಯಬಾರದು, ಮನೆಯವರು ಬೇಡವೆನ್ನಲೂಬಾರದು. ತೊಡಕು ಬರುವುದು ಇನ್ನೊಂದು ಕಡೆಯಿಂದ: ರೋಗಿ ಬೀಟಾ ಬ್ಲಾಕರ್ ಮೇಲಿದ್ದರೆ ಅಡ್ರಿನಲಿನ್‌ಗೆ ಕೂರಲು ಜಾಗವೇ ಸಿಗದೆ ಅದು ಸರಿಯಾಗಿ ಕೆಲಸ ಮಾಡದಿರಬಹುದು. ಆಗ ಐದು ನಿಮಿಷದ ಬಳಿಕ ಮತ್ತೊಮ್ಮೆ ಕೊಡುವುದು, ಡ್ರಿಪ್‌ನಲ್ಲಿ ದ್ರವ ಹರಿಸುವುದು, ಅಷ್ಟಕ್ಕೂ ಬಗ್ಗದಿದ್ದರೆ ಬೀಟಾ ಗ್ರಾಹಕವನ್ನು ಬಳಸದೆಯೇ ಹೃದಯವನ್ನು ಚುರುಕುಗೊಳಿಸುವ ಗ್ಲುಕಗಾನ್ ರಕ್ತನಾಳಕ್ಕೆ ಕೊಡುವುದು ಕ್ರಮ. ಗ್ಲುಕಗಾನ್ ಎಲ್ಲ ಕಡೆ ಸಿದ್ಧವಾಗಿರುವ ಔಷಧವಲ್ಲವಾದ್ದರಿಂದ, ವೈದ್ಯರಿಗೆ ಬೀಟಾ ಬ್ಲಾಕರ್ ವಿಷಯ ಮೊದಲ ನಿಮಿಷದಲ್ಲೇ ಗೊತ್ತಾದಷ್ಟೂ ಒಳ್ಳೆಯದು.

ಅದಕ್ಕಾಗಿ ಒಂದು ಚೀಟಿ ಬರೆದು ಪ್ಲಾಸ್ಟಿಕ್ ಹೊದಿಸಿ ಅಂಗಿಯ ಜೇಬಿನಲ್ಲಿ ಅಥವಾ ಫೋನಿನ ಕವರಿನ ಹಿಂದೆ ಇಡಿ. "ಏಟ್ರಿಯಲ್ ಫಿಬ್ರಿಲೇಷನ್ ಇದೆ. ಮೆಟೊಪ್ರೊಲಾಲ್ 50 ಮಿಲಿಗ್ರಾಂ ಬೆಳಿಗ್ಗೆ. ರಕ್ತ ತೆಳುವಾಗಿಸುವ ಮಾತ್ರೆ ಇದೆ. ಉಬ್ಬಸ ಇಲ್ಲ. ಜೇನು ಕಡಿದು ಒಮ್ಮೆ ಮೈ ಊದಿತ್ತು" ಎಂಬಷ್ಟು ಇದ್ದರೆ ಸಾಕು, ನಿಮ್ಮ ಮಾತ್ರೆ, ಪ್ರಮಾಣಗಳನ್ನು ಹೊಂದಿಸಿ ಬರೆಯಿರಿ, ಮಾತ್ರೆ ಬದಲಾದ ದಿನವೇ ಚೀಟಿಯನ್ನೂ ಬದಲಿಸಿ. ಇದರ ಇನ್ನೊಂದು ಪ್ರತಿ ತೋಟದ ರೈಟರ್ ಅಥವಾ ಮೇಸ್ತ್ರಿಯ ಬಳಿ ಇರಲಿ, 108ಕ್ಕೆ ಫೋನ್ ಮಾಡುವವರು ಹೆಚ್ಚಾಗಿ ಅವರೇ. ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಅಲ್ಲೇ ಉಳಿಯಬೇಕು, ಏಕೆಂದರೆ ಅಲರ್ಜಿ ಎರಡನೆಯ ಸಲ ಮರಳಬಹುದು. ಅಂದು ರಾತ್ರಿಯ ಬೀಟಾ ಬ್ಲಾಕರ್ ತೆಗೆದುಕೊಳ್ಳಬೇಕೇ, ಮರುದಿನಕ್ಕೆ ಮುಂದೂಡಬೇಕೇ ಎಂಬುದನ್ನು ಡ್ಯೂಟಿ ಡಾಕ್ಟರ್ ಕೈಯಿಂದ ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಂಡು ಮನೆಗೆ ಹೊರಡಿ.